ಕಾಮ್ರೇಡ್ಸ್ ಓಟಕ್ಕೆ ಹೊರಟಿರಾ? ಭಾನುವಾರದಿಂದ ಹಿಂದಕ್ಕೆ ಎಣಿಸಿ

ದಕ್ಷಿಣ ಆಫ್ರಿಕಾದಲ್ಲಿ ಜೂನ್ ತಿಂಗಳ ಒಂದು ಭಾನುವಾರ ನಸುಕಿನಲ್ಲಿ ಗುಂಡು ಹಾರುತ್ತದೆ. ಸರಿಯಾಗಿ ಹನ್ನೆರಡು ಗಂಟೆಗಳ ಬಳಿಕ, ಓಟ ಮುಗಿಯುವ ಗೆರೆಯ ಬಳಿ ಒಬ್ಬರು ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಇನ್ನೊಂದು ಗುಂಡು ಹಾರಿಸುತ್ತಾರೆ. ಆಗ ಗೆರೆಗೆ ಎರಡೇ ಹೆಜ್ಜೆ ದೂರದಲ್ಲಿದ್ದವರಿಗೂ ಪದಕವಿಲ್ಲ. ಸುಮಾರು 90 ಕಿಲೊಮೀಟರ್ ಓಡಿ ಬಂದಿದ್ದರೂ ಇಲ್ಲ.

ಇದು ಕಾಮ್ರೇಡ್ಸ್ ಮ್ಯಾರಥಾನ್. ಮೊದಲ ಮಹಾಯುದ್ಧದಲ್ಲಿ ಮಡಿದ ಸಂಗಾತಿಗಳ ನೆನಪಿಗೆಂದು ವಿಕ್ ಕ್ಲಾಪಮ್ ಎಂಬ ಮಾಜಿ ಸೈನಿಕ 1921ರಲ್ಲಿ ಆರಂಭಿಸಿದ ಓಟ. ಮೊದಲ ವರ್ಷ ಹೊರಟವರು 34 ಮಂದಿ, ಮುಟ್ಟಿದವರು 16. ಇಂದು ಸಾವಿರಾರು ಜನ ಓಡುತ್ತಾರೆ. ಬೆಂಗಳೂರಿನಿಂದ ಹೋಗುವವರೂ ಇದ್ದಾರೆ. ಟಿಕೆಟ್, ಹೋಟೆಲ್, ಊಟ ಯಾವುದನ್ನು ನಿರ್ಧರಿಸುವಾಗಲೂ ಆ ಹನ್ನೆರಡು ಗಂಟೆಗಳಿಗೆ ಇದು ನೆರವಾಗುತ್ತದೆಯೇ ಎಂದು ಕೇಳಿಕೊಳ್ಳಿ.

ಹಿಂದಿನ ವರ್ಷವೇ: ಅರ್ಹತೆ

ನೋಂದಣಿ ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ ತೆರೆಯುತ್ತದೆ. ಅದರ ಜೊತೆಗೆ ನಿಗದಿತ ಅವಧಿಯೊಳಗೆ ಪೂರ್ಣ ಮ್ಯಾರಥಾನ್ ಒಂದನ್ನು 4 ಗಂಟೆ 50 ನಿಮಿಷದೊಳಗೆ ಓಡಿರಬೇಕು. ನಮ್ಮವರಿಗೆ ಜನವರಿಯ ಮುಂಬೈ ಮ್ಯಾರಥಾನ್ ಅನುಕೂಲ. ಹೇಗಾದರೂ ಅರ್ಹತೆ ಸಿಕ್ಕರೆ ಸಾಕು ಎಂದುಕೊಳ್ಳಬೇಡಿ. ನಿಮ್ಮ ಸಮಯ ಚೆನ್ನಾಗಿದ್ದಷ್ಟೂ ಹೊರಡುವಾಗ ಮುಂದಿನ ಗುಂಪಿನಲ್ಲಿ ಜಾಗ ಸಿಗುತ್ತದೆ. ಎಣಿಕೆ ಶುರುವಾಗುವುದು ಗುಂಡು ಹಾರಿದಾಗ, ನೀವು ಗೆರೆ ದಾಟಿದಾಗಲ್ಲ. ಹಿಂದೆ ನಿಂತವರು ಆ ನಿಮಿಷಗಳನ್ನು ಕಳೆದುಕೊಂಡೇ ಹೊರಡುತ್ತಾರೆ.

ಆ ವರ್ಷದ ಓಟ ಯಾವ ದಿಕ್ಕಿನದು ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಕಡಲ ತೀರದ ಡರ್ಬನ್‌ನಿಂದ ಒಳನಾಡಿನ ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಹೋದರೆ ಏರು ಓಟ, ಅಲ್ಲಿಂದ ಡರ್ಬನ್‌ಗೆ ಬಂದರೆ ಇಳಿ ಓಟ. ಇಳಿ ಓಟ ಸುಲಭ ಎಂಬ ಭ್ರಮೆ ಬೇಡ. ಕೌವೀಸ್, ಫೀಲ್ಡ್ಸ್, ಬೋಥಾಸ್, ಇಂಚಾಂಗಾ, ಪಾಲಿ ಶಾರ್ಟ್ಸ್ ಎಂಬ ಐದು ದೊಡ್ಡ ಗುಡ್ಡಗಳು ಎರಡು ದಿಕ್ಕಿನಲ್ಲೂ ಎದುರಾಗುತ್ತವೆ. ಇಳಿಯುವಾಗ ತೊಡೆಯ ಸ್ನಾಯುಗಳು ಬೇಗ ಸೋಲುತ್ತವೆ. ನಂದಿ ಬೆಟ್ಟ ಹತ್ತಿ ಅಭ್ಯಾಸ ಮಾಡುವವರು ಕೆಳಗೂ ಓಡಿಕೊಂಡೇ ಬರಲಿ, ಕಾರಿನಲ್ಲಿ ಬೇಡ.

ಮಾರ್ಚ್, ಏಪ್ರಿಲ್: ವೀಸಾ, ವಿಮಾನ

ವೀಸಾ ಕೆಲಸವನ್ನು ಎರಡು ತಿಂಗಳಾದರೂ ಮೊದಲೇ ಶುರು ಮಾಡಿ. ಪಾಸ್‌ಪೋರ್ಟಿನಲ್ಲಿ ಎರಡು ಖಾಲಿ ಪುಟಗಳಿರಲಿ. ಮಕ್ಕಳನ್ನು ಕರೆದೊಯ್ಯುವುದಾದರೆ ತಂದೆ ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಜೊತೆಯಲ್ಲಿರಲಿ.

ದುಬೈ ಮಾರ್ಗವಾಗಿ ಇಲ್ಲವೇ ಜೊಹಾನ್ಸ್‌ಬರ್ಗ್‌ನಲ್ಲಿ ವಿಮಾನ ಬದಲಿಸಿ ಡರ್ಬನ್ ಸೇರಬಹುದು. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಅಗ್ಗದ ಟಿಕೆಟ್ ಕಂಡರೆ ಸ್ವಲ್ಪ ತಡೆಯಿರಿ. ಹಳದಿ ಜ್ವರ ಇರುವ ದೇಶದ ವಿಮಾನ ನಿಲ್ದಾಣದಲ್ಲಿ ಹನ್ನೆರಡು ಗಂಟೆಗಿಂತ ಹೆಚ್ಚು ತಂಗಿದರೆ ಲಸಿಕೆಯ ಪ್ರಮಾಣಪತ್ರ ತೋರಿಸಬೇಕು.

ಬುಧವಾರದೊಳಗೆ ಡರ್ಬನ್‌ನಲ್ಲಿರಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ಮೈಗೆ ಸಂಜೆ ಬೇಗ ನಿದ್ದೆ ಬರುತ್ತದೆ, ಬೆಳಿಗ್ಗೆ ಬೇಗ ಎಚ್ಚರವಾಗುತ್ತದೆ. ನಸುಕಿನ ಓಟಕ್ಕೆ ಇದು ವರದಾನ. ಹಾಗಾಗಿ ಮಲಗುವ ಹೊತ್ತನ್ನು ಅಲ್ಲಿನವರಂತೆ ಬದಲಿಸಿಕೊಳ್ಳಲು ಹೋಗಬೇಡಿ. ಓಟದ ಬೂಟು ಕೈಚೀಲದಲ್ಲೇ ಇರಲಿ. ಅಲ್ಲಿನ ಗೋಡೆಯ ಸಾಕೆಟ್ಟಿಗೆ ನಮ್ಮ ಗೀಸರ್‌ನಂಥ ದಪ್ಪ ಮೂರು ಕಡ್ಡಿಯ ಪ್ಲಗ್ ಬೇಕಾಗುತ್ತದೆ, ಅಂಥದ್ದೊಂದು ಅಡಾಪ್ಟರ್ ಇಟ್ಟುಕೊಳ್ಳಿ.

ಎಲ್ಲಿ ಉಳಿಯಬೇಕು?

ಏರು ಓಟವಿರಲಿ, ಇಳಿ ಓಟವಿರಲಿ, ಡರ್ಬನ್ನಿನ ಕಡಲ ತೀರದ ಹೋಟೆಲೇ ಸರಿ ಎಂಬುದು ನನ್ನ ಅಭಿಪ್ರಾಯ. ಎದೆಗೆ ಅಂಟಿಸುವ ಸಂಖ್ಯೆ ಪಡೆಯುವುದು ಈ ಊರಿನಲ್ಲೇ. ಇಳಿ ಓಟದ ವರ್ಷ ನಡುರಾತ್ರಿ ಕಳೆಯುತ್ತಿದ್ದಂತೆ ಓಟಗಾರರ ಬಸ್ಸುಗಳು ಇಲ್ಲಿಂದ ಹೊರಡುತ್ತವೆ. ಏರು ಓಟದ ವರ್ಷ ಓಟ ಮುಗಿದ ಮೇಲೆ ಇಲ್ಲಿಗೆ ಮರಳುತ್ತವೆ. ಬಸ್ಸಿನ ಸೀಟನ್ನು ಮೊದಲೇ ಕಾದಿರಿಸಿ.

ಊಟದ ಚಿಂತೆ ಬೇಡ. 1860ರಿಂದ ಕಬ್ಬಿನ ಗದ್ದೆಗಳಿಗೆ ಕೂಲಿಗಳಾಗಿ ಬಂದ ಭಾರತೀಯರ ಪೀಳಿಗೆಗಳು ಬೆಳೆದ ಊರು ಇದು. ಅಕ್ಕಿ, ಬೇಳೆ ಎಲ್ಲ ಸಿಗುತ್ತದೆ. ಬ್ರೆಡ್ಡಿನ ತಿರುಳು ತೆಗೆದು ಖಾರದ ಪಲ್ಯ ತುಂಬುವ ‘ಬನ್ನಿ ಚೌ’ ಇಲ್ಲಿಯದೇ ತಿಂಡಿ, ಹುರುಳಿಕಾಯಿಯ ಬೀಜ ತುಂಬಿದ್ದು ಸಸ್ಯಾಹಾರಿಗಳಿಗೂ ಆಗುತ್ತದೆ. ಆಸೆಯಾದರೂ ಸೋಮವಾರದವರೆಗೆ ತಡೆದುಕೊಳ್ಳಿ. ಶನಿವಾರ ಅನ್ನ, ಸಪ್ಪೆ ತೊವ್ವೆ ಸಾಕು.

ಭಾನುವಾರ

ಅಲ್ಲಿ ಜೂನ್ ಎಂದರೆ ಚಳಿಗಾಲ. ಪೀಟರ್‌ಮಾರಿಟ್ಸ್‌ಬರ್ಗ್‌ನ ನಸುಕಿನಲ್ಲಿ ಹಲ್ಲು ಕಟಕಟಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಬೆವರು. ಬಿಸಾಡಬಹುದಾದ ಹಳೆಯ ಸ್ವೆಟರ್ ತೊಟ್ಟು ನಿಲ್ಲಿ. ಗುಂಡಿಗೆ ಮುನ್ನ ಸಾವಿರಾರು ಕಂಠಗಳು ಒಟ್ಟಿಗೆ ‘ಶೋಶೊಲೋಜಾ’ ಹಾಡುತ್ತವೆ. ಆ ಕ್ಷಣದಲ್ಲಿ ಕಿವಿಗೆ ಇಯರ್‌ಫೋನ್ ಬೇಡ.

ನೀರು ಕೊಡುವುದು ಲೋಟದಲ್ಲಲ್ಲ, ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು ಬಾಯಿಗೆ ಹಿಂಡಿಕೊಳ್ಳಬೇಕು. ಊರಲ್ಲೇ ಓಡುತ್ತಾ ಒಂದೆರಡು ಸಲ ಅಭ್ಯಾಸ ಮಾಡಿ, ಇಲ್ಲದಿದ್ದರೆ ಅರ್ಧ ನೀರು ಅಂಗಿಯ ಪಾಲು. ಖಾಲಿ ಪೊಟ್ಟಣಗಳ ಮೇಲೆ ಕಾಲಿಟ್ಟರೆ ಜಾರುತ್ತದೆ. ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ ಸಿಕ್ಕಲ್ಲಿ ಬಿಡಬೇಡಿ.

ಅರ್ಧ ದಾರಿಯ ಡ್ರಮಂಡ್ ಊರಿನ ಹತ್ತಿರ ರಸ್ತೆ ಬದಿಯ ದಿಣ್ಣೆಯಲ್ಲಿ ‘ಆರ್ಥರ್ಸ್ ಸೀಟ್’ ಎಂಬ ಗೂಡು ಇದೆ. ಐದು ಬಾರಿ ಗೆದ್ದ ಆರ್ಥರ್ ನ್ಯೂಟನ್ ಕೂರುತ್ತಿದ್ದ ಜಾಗವಂತೆ. ಅಲ್ಲಿ ಹೂವಿಟ್ಟು ನಮಸ್ಕಾರ ಹೇಳಿ ಹೋದರೆ ಉಳಿದ ದಾರಿ ಚೆನ್ನಾಗಿ ಸಾಗುತ್ತದೆಂಬ ನಂಬಿಕೆ. ಇಂಚಾಂಗಾದ ಎಥೆಂಬೆನಿ ಶಾಲೆಯ ಅಂಗವಿಕಲ ಮಕ್ಕಳು ರಸ್ತೆಯಂಚಿನಲ್ಲಿ ಕೈ ಚಾಚಿ ಕಾಯುತ್ತಿರುತ್ತಾರೆ. ಎಷ್ಟೇ ಅವಸರವಿದ್ದರೂ ಆ ಕೈಗಳನ್ನು ತಟ್ಟಿಯೇ ಹೋಗಿ.

ಜೊತೆಗೆ ಬಂದ ಮನೆಯವರು ದಾರಿಯುದ್ದಕ್ಕೂ ಕಾರಿನಲ್ಲಿ ಬೆನ್ನಟ್ಟುವುದು ಬೇಡ, ರಸ್ತೆಗಳು ಮುಚ್ಚಿರುತ್ತವೆ. ಮುಕ್ತಾಯದ ಜಾಗದಲ್ಲೇ ಕಾಯಲಿ. ಸೂರ್ಯ ಐದರ ಸುಮಾರಿಗೇ ಮುಳುಗುತ್ತಾನೆ. ಯಾವ ಗೇಟಿನ ಬಳಿ ಸೇರಬೇಕೆಂದು ಬೆಳಿಗ್ಗೆಯೇ ಮಾತಾಡಿಕೊಂಡಿರಿ.

ಆಮೇಲೆ

ಸೋಮವಾರವೇ ವಿಮಾನ ಹತ್ತಬೇಡಿ. ಊದಿದ ಕಾಲುಗಳನ್ನು ಮಡಚಿ ಅಷ್ಟು ಹೊತ್ತು ಕೂರುವುದು ಶಿಕ್ಷೆ. ಕಡಲಂಚಿನಲ್ಲಿ ಮೆಲ್ಲಗೆ ನಡೆಯಿರಿ. ಮಂಗಳವಾರ ಪೀಟರ್‌ಮಾರಿಟ್ಸ್‌ಬರ್ಗ್ ರೈಲು ನಿಲ್ದಾಣಕ್ಕೆ ಹೋಗಿ ಬನ್ನಿ. 1893ರ ಜೂನ್ 7ರ ರಾತ್ರಿ ಮೊದಲ ದರ್ಜೆಯ ಟಿಕೆಟ್ ಇದ್ದೂ ಗಾಂಧೀಜಿಯನ್ನು ರೈಲಿನಿಂದ ಹೊರಹಾಕಿದ್ದು ಇಲ್ಲೇ. ಓವರ್‌ಕೋಟು ಸಾಮಾನಿನಲ್ಲಿತ್ತು. ಕೇಳಿದರೆ ಮತ್ತೆ ಅವಮಾನವಾದೀತೆಂದು ಅವರು ಕೇಳಲಿಲ್ಲ. ನಿರೀಕ್ಷಣಾ ಕೊಠಡಿಯಲ್ಲಿ ಇಡೀ ರಾತ್ರಿ ನಡುಗುತ್ತಾ ಕುಳಿತರು. ನೀವು ಹೋಗುವುದೂ ಅದೇ ತಿಂಗಳಲ್ಲಿ, ಅದೇ ಚಳಿಯಲ್ಲಿ. ಬೆಚ್ಚನೆಯ ಸ್ವೆಟರ್ ಒಂದನ್ನು ಬಿಸಾಡದೆ ಉಳಿಸಿಕೊಂಡಿರಿ.