ಸಮ್ಕೆ ಹರ್ರಾ: ತ್ರಿಪೋಲಿಯ ಖಾರ ಮೀನು ನಮ್ಮ ಮನೆಯಲ್ಲಿ

ಸಮ್ಕೆ ಹರ್ರಾ ಉತ್ತರ ಲೆಬನಾನಿನ ತ್ರಿಪೋಲಿಯ ಹೆಮ್ಮೆಯ ಅಡುಗೆ. ಲಿಬಿಯಾದ ತ್ರಿಪೋಲಿ ಬೇರೆ, ಇದು ಬೇರೆ. ಈ ಊರಿಗೆ ಅಂಟಿಕೊಂಡೇ ಅಲ್ ಮೀನಾ ಅನ್ನುವ ಬಂದರು ಇದೆ. ಅಲ್ಲಿ ಇದನ್ನು ರೊಟ್ಟಿಯಲ್ಲಿ ಸುತ್ತಿ ಸ್ಯಾಂಡ್‌ವಿಚ್ ಮಾಡಿಯೂ ಮಾರುತ್ತಾರೆ. ಬೈರೂತ್ ಕಡೆ ಮೀನಿನ ಹೊಟ್ಟೆಗೆ ಕೊತ್ತಂಬರಿ, ಬೆಳ್ಳುಳ್ಳಿ, ಅಕ್ರೋಟು ತುಂಬಿ ಬೇಯಿಸುವ ರೀತಿಯೂ ಉಂಟು. ನನಗೆ ಇಷ್ಟ ತಾಹಿನಿ, ಅಂದರೆ ನುಣ್ಣಗೆ ಅರೆದ ಎಳ್ಳಿನ ಪೇಸ್ಟ್, ಹಾಕುವ ತ್ರಿಪೋಲಿ ರೀತಿ.

ನಾನಿರುವುದು ದುಬೈನಲ್ಲಿ. ಇಲ್ಲಿ ಹಮೂರ್ ಮೀನು ಸುಲಭವಾಗಿ ಸಿಗುತ್ತದೆ. ಒಂದು ಕಿಲೋ ತೂಗುವ ಇಡೀ ಮೀನು ತರುತ್ತೇನೆ. ಮುಳ್ಳು ಕಡಿಮೆ ಇರುವ, ದಪ್ಪ ಬಿಳಿ ಮಾಂಸದ ಯಾವ ಮೀನಾದರೂ ಆಗುತ್ತದೆ. ಬಂಗುಡೆ, ಬೂತಾಯಿ ಬೇಡ. ಅವುಗಳ ವಾಸನೆ ಎಳ್ಳಿನ ಜೊತೆ ಹೊಂದುವುದಿಲ್ಲ. ಉಪ್ಪು, ನಿಂಬೆ, ಆಲಿವ್ ಎಣ್ಣೆ ಸವರಿ 200 ಡಿಗ್ರಿ ಓವನ್‌ನಲ್ಲಿ 25 ನಿಮಿಷ ಇಟ್ಟರೆ ಮೀನಿನ ಕೆಲಸ ಮುಗಿಯಿತು.

ನಿಜವಾದ ಕೆಲಸ ಸಾಸ್‌ನದು. ಒಂದು ಕಪ್ ತಾಹಿನಿಗೆ ಅರ್ಧ ಕಪ್ ನಿಂಬೆ ರಸ ಹಾಕಿ ಕಲಸಿದ ತಕ್ಷಣ ಅದು ಗಟ್ಟಿಯಾಗಿ ಮುದ್ದೆ ಕಟ್ಟುತ್ತದೆ. ಹೊಸಬರು ಇಲ್ಲೇ ಗಾಬರಿಯಾಗುತ್ತಾರೆ. ಕೆಟ್ಟುಹೋಗಿಲ್ಲ. ತಾಹಿನಿ ಅಂದರೆ ಎಣ್ಣೆಯಲ್ಲೇ ಮುಳುಗಿರುವ ಎಳ್ಳಿನ ಹಿಟ್ಟು ತಾನೆ? ಸ್ವಲ್ಪ ನೀರಿನಂಶ ಸಿಕ್ಕರೆ ಆ ಹಿಟ್ಟು ಅದನ್ನು ಹೀರಿಕೊಂಡು ಬಿಗಿಯಾಗುತ್ತದೆ. ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸುತ್ತಿರಿ. ಒಂದು ಹಂತದಲ್ಲಿ ತಾನಾಗಿ ಸಡಿಲವಾಗಿ, ಬಣ್ಣ ಬೆಳ್ಳಗಾಗಿ, ನುಣ್ಣಗಾಗುತ್ತದೆ. ಕೊನೆಗೆ ತೆಳು ದೋಸೆ ಹಿಟ್ಟಿನ ಹದ ಇರಬೇಕು. ಒಲೆಯ ಮೇಲೆ ಮತ್ತೆ ಗಟ್ಟಿಯಾಗುವುದರಿಂದ ನಾನು ತೆಳ್ಳಗೇ ಇಡುತ್ತೇನೆ.

ಇನ್ನು ಖಾರ. ಬಾಣಲೆಯಲ್ಲಿ ಧಾರಾಳವಾಗಿ ಆಲಿವ್ ಎಣ್ಣೆ ಹಾಕಿ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸುತ್ತೇನೆ. ಕೆಂಪಾಗಬಾರದು, ಕಹಿಯಾಗುತ್ತದೆ. ಅದಕ್ಕೆ ಒಂದು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು, ಒಂದು ಚಮಚ ಧನಿಯಾ ಪುಡಿ, ಅರ್ಧ ಚಮಚ ಜೀರಿಗೆ ಪುಡಿ, ಒಣಮೆಣಸಿನ ತರಿ. ಸಿರಿಯಾದ ಅಲೆಪ್ಪೊ ಒಣಮೆಣಸು ಸಿಗದಾಗ ಬ್ಯಾಡಗಿಯ ಬೀಜ ತೆಗೆದು ತರಿತರಿಯಾಗಿ ಪುಡಿ ಮಾಡಿ ಹಾಕುತ್ತೇನೆ. ಬಣ್ಣ ಚೆನ್ನಾಗಿ ಬರುತ್ತದೆ. ಖಾರ ಇನ್ನೂ ಬೇಕೆಂದರೆ ಒಂದು ಹಸಿಮೆಣಸಿನಕಾಯಿ ಸಾಕು. ಗರಂ ಮಸಾಲೆ, ಅರಿಶಿನ ದಯವಿಟ್ಟು ಬೇಡ. ನಮ್ಮ ಕೈ ಸುಮ್ನೆ ಆ ಡಬ್ಬಿಗಳ ಕಡೆ ಹೋಗುತ್ತದೆ, ಅಲ್ವಾ? ಇಲ್ಲಿ ಎಳ್ಳು, ನಿಂಬೆ, ಕೊತ್ತಂಬರಿ ಮೂರೂ ಬೇರೆಬೇರೆಯಾಗಿ ನಾಲಿಗೆಗೆ ಸಿಗಬೇಕು.

ಸೊಪ್ಪು ಬಾಡಿದ ಮೇಲೆ ತಾಹಿನಿ ಸುರಿದು ಸಣ್ಣ ಉರಿಯಲ್ಲಿ ತಿರುವುತ್ತಲೇ ಇರಬೇಕು. ಉರಿ ಜಾಸ್ತಿಯಾದರೆ ಸಾಸ್ ಒಡೆದು ತರಿತರಿಯಾಗುತ್ತದೆ. ಗುಳ್ಳೆ ಎದ್ದು, ಅಂಚಿನಲ್ಲಿ ಸ್ವಲ್ಪವೇ ಎಣ್ಣೆ ಬಿಡಲು ಶುರುವಾದಾಗ ಇಳಿಸುತ್ತೇನೆ. ಉಪ್ಪು, ಹುಳಿ ನೋಡುವುದು ಆಗಲೇ.

ಮೀನಿನ ಮುಳ್ಳು ಬಿಡಿಸಿ, ದೊಡ್ಡ ತುಂಡುಗಳನ್ನು ತಟ್ಟೆಯಲ್ಲಿ ಹರಡಿ, ಮೇಲೆ ಸಾಸ್ ಸುರಿಯುತ್ತೇನೆ. ಹುರಿದ ಅಕ್ರೋಟು, ಪೈನ್ ನಟ್ ಉದುರಿಸುತ್ತೇನೆ. ಬಿಸಿಬಿಸಿ ತಿನ್ನುವ ಅವಸರ ಬೇಡ. ಒಂದು ಗಂಟೆ ಬಿಟ್ಟರೆ ಖಾರ ಮೀನಿಗೆ ಇಳಿಯುತ್ತದೆ. ಅರಬ್ ರೊಟ್ಟಿ ಇದ್ದರೆ ಸಾಕು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಮರುದಿನ ಗಟ್ಟಿಯಾಗಿರುತ್ತದೆ. ಆಗ ಬಿಸಿ ಮಾಡದೆ, ಒಂದು ಚಮಚ ನೀರು, ನಾಲ್ಕು ಹನಿ ನಿಂಬೆ ಹಾಕಿ ಕಲಸಿದರೆ ಮತ್ತೆ ಹದಕ್ಕೆ ಬರುತ್ತದೆ.