ಟೈಮಿಂಗ್ ರಿಸೀವರ್‌ಗೆ ನಾನೇ ಮಾಡಿಕೊಂಡ ಬೋರ್ಡು

ನನಗೆ ಬೇಕಾಗಿದ್ದುದು ಸೆಕೆಂಡಿಗೊಂದು ಪಲ್ಸ್, ಅಷ್ಟೇ. ಹ್ಯಾಮ್ ರೇಡಿಯೋ ಹುಚ್ಚಿನಿಂದ ಶುರುವಾದ ಕೆಲಸವಿದು. ಮೇಜಿನ ಮೇಲಿರುವ 10 ಮೆಗಾಹರ್ಟ್ಸ್ ಆಸಿಲೇಟರನ್ನು ಜಿಪಿಎಸ್ ಜೊತೆ ತಾಳೆ ನೋಡಿ ಸರಿಪಡಿಸಬೇಕಿತ್ತು. ಅದಕ್ಕೆ ನಂಬಬಹುದಾದ ಪಿಪಿಎಸ್ (ಪಲ್ಸ್ ಪರ್ ಸೆಕೆಂಡ್) ಬೇಕು. ಎಲ್ಲೆಡೆ ಸಿಗುವ ಅಗ್ಗದ ನಿಯೋ-6ಎಂ ಜಿಪಿಎಸ್ ಬೋರ್ಡಿನಲ್ಲೂ ಪಿಪಿಎಸ್ ಇದೆ. ರಾಸ್ಪ್‌ಬೆರಿ ಪೈಗೆ ಕಟ್ಟಿ ಎನ್‌ಟಿಪಿ ಸರ್ವರ್ (ನೆಟ್‌ವರ್ಕಿನ ಕಂಪ್ಯೂಟರುಗಳಿಗೆ ಸಮಯ ಹೇಳುವ ಯಂತ್ರ) ಮಾಡುವವರಿಗೆ ಅದು ಧಾರಾಳ ಸಾಕು. ಲಿನಕ್ಸ್ ಆ ಪಲ್ಸನ್ನು ಗಮನಿಸುವಷ್ಟರಲ್ಲೇ ಮೈಕ್ರೋಸೆಕೆಂಡುಗಳು ಜಾರಿರುತ್ತವೆ. ಅಂಥವರು ಬೋರ್ಡ್ ಮಾಡಿಸುವ ಉಸಾಬರಿಗೆ ಹೋಗಬೇಡಿ. ನ್ಯಾನೋಸೆಕೆಂಡಿನ ಲೆಕ್ಕ ಬೇಕಾದವರಿಗೆ ಮಾತ್ರ ಮುಂದಿನದು.

ನಾನು ಆರಿಸಿಕೊಂಡದ್ದು ಯು-ಬ್ಲಾಕ್ಸ್ ಕಂಪನಿಯ ನಿಯೋ-ಎಂ8ಟಿ, ಸಮಯಕ್ಕೆಂದೇ ಮಾಡಿದ ಜಿಪಿಎಸ್ ಮಾಡ್ಯೂಲು. ಸಾಮಾನ್ಯ ಮಾಡ್ಯೂಲು ಪ್ರತಿ ಸಲವೂ ಜಾಗ ಮತ್ತು ಸಮಯ ಎರಡನ್ನೂ ಹುಡುಕುತ್ತಿರುತ್ತದೆ. ಇದಕ್ಕೆ ಆಂಟೆನಾ ಇರುವ ಜಾಗವನ್ನು ಒಮ್ಮೆ ಕಲಿಸಿಬಿಟ್ಟರೆ ಆಮೇಲೆ ಸಮಯವನ್ನಷ್ಟೇ ನೋಡಿಕೊಳ್ಳುತ್ತದೆ. ಒಂದೇ ಉಪಗ್ರಹ ಕಾಣುತ್ತಿದ್ದರೂ ಕೆಲಸ ನಿಲ್ಲುವುದಿಲ್ಲ. ಇನ್ನೊಂದು ಗುಣ ನನಗೆ ಅದಕ್ಕಿಂತ ಮುಖ್ಯ. ಮಾಡ್ಯೂಲಿನ ಒಳಗಿನ ಗಡಿಯಾರ ಸುಮಾರು 21 ನ್ಯಾನೋಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಪಲ್ಸ್ ಹೊರಡುವುದು ಆ ಮಿಡಿತದ ಮೇಲೆಯೇ. ನಮ್ಮ ಮನೆ ಎಲ್ಲಿದ್ದರೇನು, ಬಸ್ಸು ನಿಲ್ಲುವುದು ಸ್ಟಾಪಿನಲ್ಲೇ ತಾನೆ, ಹಾಗೆ. ಆದರೆ ಈ ಪಲ್ಸ್ ಸರಿಯಾದ ಕ್ಷಣಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಬೀಳುತ್ತದೆ ಎಂಬುದನ್ನು ಎಂ8ಟಿ ಸೀರಿಯಲ್ ಪೋರ್ಟಿನಲ್ಲಿ ಪಿಕೋಸೆಕೆಂಡುಗಳಲ್ಲಿ ಹೇಳಿಬಿಡುತ್ತದೆ. ಆ ಸಂಖ್ಯೆಯನ್ನು ಲೆಕ್ಕದಲ್ಲಿ ಕಳೆದುಬಿಟ್ಟರೆ ಉಳಿಯುವ ಪಿಪಿಎಸ್ ಬಹಳ ನಯವಾಗಿರುತ್ತದೆ.

ಭಾರತದ್ದೇ ಆದ ಉಪಗ್ರಹ ವ್ಯವಸ್ಥೆ ನಾವಿಕ್ ಯಾಕಲ್ಲ ಎಂದು ಕೇಳುವವರು ಇದ್ದೇ ಇರುತ್ತಾರೆ. ನನಗೂ ಆಸೆಯೇ. ಮೊದಲ ಸರಣಿಯ ನಾವಿಕ್ ಉಪಗ್ರಹಗಳು ಬಿತ್ತರಿಸುವುದು 1176.45 ಮೆಗಾಹರ್ಟ್ಸ್‌ನ ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ. ಎಲ್1 ಸೇರಿದ್ದು 2023ರಲ್ಲಿ ಹಾರಿದ ಎನ್‌ವಿಎಸ್-01ರಿಂದ. ನಾವಿಕ್ ಬಿತ್ತರಿಸುವ ಇದ್ಯಾವುದನ್ನೂ ಎಂ8ಟಿ ಹಿಡಿಯುವುದಿಲ್ಲ.

ಸಮಯ ಹುಟ್ಟುವುದು ಮಾಡ್ಯೂಲಿನ ಒಳಗೆ. ಬೋರ್ಡಿನಿಂದ ಆಗಬಹುದಾದದ್ದು ಅದನ್ನು ಕೆಡಿಸುವುದು ಮಾತ್ರ, ಅದೂ ಮುಖ್ಯವಾಗಿ ಎರಡು ಕಡೆ: ಆಂಟೆನಾ ಒಳಬರುವಲ್ಲಿ, ಪಲ್ಸ್ ಹೊರಹೋಗುವಲ್ಲಿ. ಬೋರ್ಡು ವಿನ್ಯಾಸದ ಕಿಕ್ಯಾಡ್ ತಂತ್ರಾಂಶದಲ್ಲಿ ಕೂತಾಗ ನನ್ನ ಹೊತ್ತೆಲ್ಲ ಹೋದದ್ದು ಈ ಎರಡು ಮೂಲೆಗಳಿಗೆ. ಉಳಿದ ಯುಎಸ್‌ಬಿ ಸೀರಿಯಲ್, ರೆಗ್ಯುಲೇಟರ್, ಹೆಡರ್ ಪಿನ್ನುಗಳನ್ನು ಯಾರು ಹೇಗೆ ಜೋಡಿಸಿದರೂ ನಡೆಯುತ್ತದೆ.

ಆಂಟೆನಾ ಕಡೆಯದನ್ನು ಮೊದಲು ನೋಡೋಣ. ಜಿಪಿಎಸ್‌ನ ಎಲ್1 ಸಿಗ್ನಲ್ ಅಂದರೆ 1575.42 ಮೆಗಾಹರ್ಟ್ಸ್. ಎಸ್‌ಎಂಎ ಕನೆಕ್ಟರಿನಿಂದ ಮಾಡ್ಯೂಲಿನ 11ನೇ ಪಿನ್ನಿನವರೆಗಿನ ತಾಮ್ರದ ಗೆರೆಯ ಇಂಪಿಡೆನ್ಸ್ 50 ಓಮ್ ಇರಬೇಕು. ಎರಡು ಪದರದ 1.6 ಮಿ.ಮೀ. ಎಫ್‌ಆರ್-4 ಹಲಗೆಯಲ್ಲಿ ಸಾದಾ ಮೈಕ್ರೋಸ್ಟ್ರಿಪ್ (ಮೇಲೆ ಗೆರೆ, ಕೆಳಗೆ ಗ್ರೌಂಡ್) ಹಾಕಿದರೆ ಗೆರೆ ಹೆಚ್ಚುಕಡಿಮೆ 3 ಮಿ.ಮೀ. ಅಗಲವಾಗುತ್ತದೆ, ಮಾಡ್ಯೂಲಿನ ಪ್ಯಾಡಿಗೆ ಹೊಂದುವುದೇ ಇಲ್ಲ. ಹಾಗಾಗಿ ಗೆರೆಯನ್ನು 1 ಮಿ.ಮೀ. ಆಸುಪಾಸಿಗೆ ಇಳಿಸಿ, ಇಕ್ಕೆಲದಲ್ಲೂ 0.2 ಮಿ.ಮೀ. ಬಿಟ್ಟು ಗ್ರೌಂಡ್ ತಾಮ್ರ ತಂದೆ. ಅಂಚಿನುದ್ದಕ್ಕೂ ಒತ್ತೊತ್ತಾಗಿ ವಯಾ (ತಾಮ್ರ ಲೇಪಿಸಿದ ತೂತು) ಚುಚ್ಚಿ ಕೆಳಗಿನ ಗ್ರೌಂಡಿಗೆ ಹೊಲಿದೆ. ನಾಲ್ಕು ಪದರದ ಬೋರ್ಡಾದರೆ ಒಳಗಿನ ಗ್ರೌಂಡ್ ತೀರಾ ಹತ್ತಿರವಿರುವುದರಿಂದ 0.35 ಮಿ.ಮೀ. ಗೆರೆಯೇ ಸಾಕು, ಕೆಲಸವೂ ಸಲೀಸು. ಆದರೂ ಇದೊಂದು ಮಾತು ಹೇಳಲೇಬೇಕು: ಈ ಆವರ್ತನದ ತರಂಗ ಹಲಗೆಯ ಮೇಲೆ ಸುಮಾರು 10 ಸೆಂ.ಮೀ. ಉದ್ದವಿರುತ್ತದೆ. ನಿಮ್ಮ ಗೆರೆ ಒಂದು ಸೆಂಟಿಮೀಟರ್ ಕೂಡ ಇಲ್ಲದಿದ್ದರೆ 50ರ ಬದಲು 55 ಓಮ್ ಆದರೂ ಏನೂ ಮುಳುಗುವುದಿಲ್ಲ. ಕ್ಯಾಲ್ಕ್ಯುಲೇಟರ್ ಹಿಡಿದು ಸಂಜೆಗಟ್ಟಲೆ ತಲೆಕೆಡಿಸಿಕೊಳ್ಳುವ ಬದಲು ಕನೆಕ್ಟರನ್ನು ಮಾಡ್ಯೂಲಿನ ಪಕ್ಕಕ್ಕೆ ಎಳೆದು ತನ್ನಿ.

ಚಾವಣಿಯ ಆಂಟೆನಾದ ಒಳಗಿರುವ ಆಂಪ್ಲಿಫೈಯರಿಗೆ ಅದೇ ಕೇಬಲ್ಲಿನಲ್ಲಿ ಕರೆಂಟು ಹೋಗಬೇಕು. ಅದಕ್ಕೆ 27 ನ್ಯಾನೋಹೆನ್ರಿ ಇಂಡಕ್ಟರ್ ಮತ್ತು ಸರಣಿಯಲ್ಲಿ 10 ಓಮ್ ರೆಸಿಸ್ಟರ್. ಕೇಬಲ್ ಎಲ್ಲಾದರೂ ಶಾರ್ಟ್ ಆದರೆ ಕರೆಂಟಿಗೆ ಅಡ್ಡ ನಿಲ್ಲುವುದು ಈ ರೆಸಿಸ್ಟರೇ, ಅದನ್ನು ಗಾತ್ರದಲ್ಲಿ ತೀರಾ ಪುಟ್ಟದು ಹಾಕಬೇಡಿ. ಟೆಲಿಕಾಂ ಟವರಿನಿಂದ ಇಳಿಸಿದ ಹಳೇ ಟೈಮಿಂಗ್ ಆಂಟೆನಾಗಳು ಸಾಮಾನ್ಯವಾಗಿ 5 ವೋಲ್ಟ್ ಕೇಳುತ್ತವೆ, ಕಾರಿಗೆ ಅಂಟಿಸುವ ಪುಟಾಣಿಗಳಿಗೆ 3.3 ಸಾಕು. ಒಂದು ಜಂಪರ್ ಇಟ್ಟು ಎರಡಕ್ಕೂ ಅವಕಾಶ ಮಾಡಿದೆ, ಮಾಡ್ಯೂಲಿನ ಕಡೆಗೆ ಡಿಸಿ ಹರಿಯದಂತೆ 47 ಪಿಕೋಫ್ಯಾರಡ್ ಕೆಪಾಸಿಟರ್ ಇಟ್ಟೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಕಂಡವರು ಕೇಬಲ್ ಮನೆಯೊಳಗೆ ಬರುವಲ್ಲಿ ಸರ್ಜ್ ಅರೆಸ್ಟರ್ ಹಾಕಿ, ಅದಕ್ಕೆ ಸರಿಯಾದ ಅರ್ತಿಂಗ್ ಕೊಡುತ್ತಾರೆ. ಬೋರ್ಡಿನ ಮೇಲಿನ ಚಿಕ್ಕ ಡಯೋಡ್ ಕೈಯ ಸ್ಥಾಯೀ ವಿದ್ಯುತ್ತಿಗಷ್ಟೇ ಆಯಿತು, ಸಿಡಿಲಿಗಲ್ಲ.

ಪಲ್ಸ್ ಹೊರಬರುವ ಕಡೆ ಇನ್ನೂ ಮಜವಾಗಿದೆ. ಮಾಡ್ಯೂಲಿನ 3ನೇ ಪಿನ್ನಿಗೆ 50 ಓಮ್ ಕೇಬಲ್ ಎಳೆಯುವಷ್ಟು ಕಸುವಿಲ್ಲ. ನಾನು ಬಳಸಿದ್ದು 74ಎಸಿಟಿ04. ಎಸಿಟಿ ಕುಟುಂಬವೇ ಯಾಕೆಂದರೆ 5 ವೋಲ್ಟಿನಲ್ಲಿ ನಡೆಯುತ್ತಲೇ 3.3 ವೋಲ್ಟಿನ ಇನ್‌ಪುಟ್ಟನ್ನು ಸರಿಯಾಗಿ ಓದಿಕೊಳ್ಳುತ್ತದೆ. ಅದರಲ್ಲಿರುವುದು ಆರು ಇನ್ವರ್ಟರ್. ಮೊದಲನೆಯದು ಪಲ್ಸನ್ನು ತಲೆಕೆಳಗು ಮಾಡುತ್ತದೆ, ಮುಂದಿನ ಮೂರು ಜೊತೆಯಾಗಿ ಮತ್ತೆ ನೆಟ್ಟಗೆ ಮಾಡುತ್ತವೆ. ಮೂರರ ಔಟ್‌ಪುಟ್ಟಿಗೂ ಒಂದೊಂದು 150 ಓಮ್ ಕೊಟ್ಟು ಕೂಡಿಸಿದರೆ ಒಟ್ಟು 50 ಆಗುತ್ತದೆ. ಐದನೆಯದು ಎಲ್‌ಇಡಿ ಮಿನುಗಿಸಲು, ಆರನೆಯದರ ಇನ್‌ಪುಟ್ಟನ್ನು ಗ್ರೌಂಡಿಗೆ ಕಟ್ಟಿದೆ. ಪಿಪಿಎಸ್ ಪಿನ್ನಿಗೇ ನೇರ ಎಲ್‌ಇಡಿ ತಗುಲಿಸಿದ ಬೋರ್ಡುಗಳನ್ನು ನೋಡಿದಾಗ ನನಗೆ ಮೈ ಉರಿಯುತ್ತದೆ. ಯಾವ ಅಂಚು ಚೂಪಾಗಿರಬೇಕೋ ಅದರ ಮೇಲೇ ಹೊರೆ ಹೇರಿದಂತಾಯಿತು. ಐಸಿಯ ಪವರ್ ಪಿನ್ನಿಗೆ 0.1 ಮೈಕ್ರೋಫ್ಯಾರಡ್ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಇಷ್ಟಾದರೆ 50 ಓಮ್ ಟರ್ಮಿನೇಶನ್ ಹಾಕಿದಾಗ ಆಸಿಲೋಸ್ಕೋಪಿನಲ್ಲಿ 2.5 ವೋಲ್ಟ್ ಎತ್ತರದ, ಕೆಲವೇ ನ್ಯಾನೋಸೆಕೆಂಡಿನಲ್ಲಿ ಏರುವ ಅಂಚು ಕಾಣುತ್ತದೆ.

ಆರ್ಡರ್ ಒತ್ತುವ ಮುಂಚೆ ನಾನು ತಪ್ಪದೆ ಮಾಡುವುದೊಂದಿದೆ. ಲೇಔಟನ್ನು ಕಾಗದದ ಮೇಲೆ ಅಸಲಿ ಅಳತೆಯಲ್ಲಿ ಪ್ರಿಂಟ್ ತೆಗೆದು, ಮಾಡ್ಯೂಲು, ಎಸ್‌ಎಂಎ, ಯುಎಸ್‌ಬಿ ಸಾಕೆಟ್ ಎಲ್ಲವನ್ನೂ ಅದರ ಮೇಲಿಟ್ಟು ಭೂತಗನ್ನಡಿ ಹಿಡಿಯುತ್ತೇನೆ. ನಿಯೋ 16×12.2 ಮಿ.ಮೀ. ಇದೆ, ಪಿನ್ನುಗಳ ನಡುವೆ 1.1 ಮಿ.ಮೀ., ಮಧ್ಯದಲ್ಲಿ ಮಾತ್ರ 3 ಮಿ.ಮೀ. ಖಾಲಿ. ಸಾಲು ಸರಿಯಾಗಿ ಕೂತಿದೆಯೋ ಇಲ್ಲವೋ ಕಾಗದದ ಮೇಲೆ ಕ್ಷಣದಲ್ಲಿ ಗೊತ್ತಾಗುತ್ತದೆ. ಆಮೇಲೆ ತಯಾರಕರಿಗೆ ಕಳಿಸುವ ಗರ್ಬರ್ ಫೈಲುಗಳನ್ನು ಬೇರೊಂದು ವ್ಯೂಅರಿನಲ್ಲಿ ತೆರೆದು ಪದರ ಪದರವಾಗಿ ನೋಡುವುದು. ಡ್ರಿಲ್ ಫೈಲ್ ಜಿಪ್‌ನಲ್ಲಿ ಸೇರಿದೆಯೇ ಎಂದು ವಿಶೇಷವಾಗಿ.

ಎಲ್ಲಿ ಮಾಡಿಸುವುದು? ಶೆನ್‌ಝೆನ್‌ನ ಜೆಎಲ್‌ಸಿಪಿಸಿಬಿಯಂಥವರಲ್ಲಿ 100×100 ಮಿ.ಮೀ. ಒಳಗಿನ ಎರಡು ಪದರದ ಬೋರ್ಡು ಐದಕ್ಕೆ ಚಿಲ್ಲರೆ ಕಾಸು. ಕೊರಿಯರ್ ಮತ್ತು ಕಸ್ಟಮ್ಸ್ ಸುಂಕ ಬೋರ್ಡಿನ ಬೆಲೆಯನ್ನು ಮೀರಿಸುತ್ತವೆ, ಜೊತೆಗೆ ಕೊರಿಯರ್‌ನವರಿಗೆ ಕೆವೈಸಿ ದಾಖಲೆ ಕೊಡಬೇಕು. ಅಮೆರಿಕದ ಆಶ್ ಪಾರ್ಕ್ ಮೂರು ನೇರಳೆ ಬೋರ್ಡು ಕೊಡುತ್ತದೆ, ಚಿನ್ನದ ಲೇಪ ಅದರಲ್ಲೇ ಸೇರಿರುತ್ತದೆ. ನಮ್ಮಲ್ಲೇ ಬೆಂಗಳೂರಿನ ಲಯನ್ ಸರ್ಕ್ಯೂಟ್ಸ್, ಗುಜರಾತಿನ ಗಾಂಧಿನಗರದ ಪಿಸಿಬಿ ಪವರ್ ಇದ್ದಾರೆ. ಒಂದೇ ಸಣ್ಣ ಬೋರ್ಡಿಗಾದರೆ ಎಲ್ಲ ಖರ್ಚೂ ಕೂಡಿ ನೋಡಿದಾಗ ದೇಶದೊಳಗಿನದು ಅಂಥ ದುಬಾರಿಯೇನಲ್ಲ. ಗೆಳೆಯರ ನಾಲ್ಕಾರು ಡಿಸೈನ್ ಒಟ್ಟಿಗೆ ಕಳಿಸುವುದಾದರೆ ಚೀನಾ ಗೆಲ್ಲುತ್ತದೆ. 1.1 ಮಿ.ಮೀ. ಪಿನ್ನಿಗೆ ಸಾದಾ ಸೀಸದ ಲೇಪವೇ ಸಾಕು, ಚಿನ್ನ ಬರೀ ಶೋಕಿ. ಕೆಲವರು ಆರ್ಡರ್ ನಂಬರನ್ನು ಬೋರ್ಡಿನ ಮೇಲೆ ಅಚ್ಚು ಹಾಕುತ್ತಾರೆ, ಜಾಗ ನಾವೇ ತೋರಿಸಬಹುದು. ನಾನು ಐಸಿ ಕೂರುವ ಅಡಿಯನ್ನು ತೋರಿಸುತ್ತೇನೆ.

ಬೋರ್ಡು ಬಂದ ಮೇಲೆ ನೇರ ಎಂ8ಟಿ ಬೆಸೆಯುವುದಿಲ್ಲ. ನಿಯೋ ಸರಣಿಯ ಪಿನ್ ಜೋಡಣೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಮೊದಲ ಬೋರ್ಡಿಗೆ ಅಗ್ಗದ ನಿಯೋ-6ಎಂ ಹಾಕಿ ವೋಲ್ಟೇಜು, ಸೀರಿಯಲ್, ಪಲ್ಸ್ ಎಲ್ಲ ನೋಡಿಕೊಂಡ ಮೇಲೆಯೇ ದುಬಾರಿಯದಕ್ಕೆ ಕೈ ಹಾಕುವುದು. ಎಂ8ಟಿ ಎಂದು ಮಾರುವುದೆಲ್ಲ ಎಂ8ಟಿ ಆಗಿರುವುದಿಲ್ಲ. ವರ್ಷನ್ ಕೇಳಿದಾಗ ಫರ್ಮ್‌ವೇರ್ ಹೆಸರಿನಲ್ಲಿ ‘ಟಿಮ್’ ಎಂದು ಬಂದರೆ ಮಾತ್ರ ಸರಿ.

ಇನ್ನು ಸೆಟ್ಟಿಂಗು. ಜಾಗ ಕಲಿಯಲು ಒಂದಿಡೀ ದಿನ ಬಿಟ್ಟುಬಿಡಿ, ಅವಸರ ಬೇಡ. ಕೇಬಲ್ ವಿಳಂಬ (ಸಿಗ್ನಲ್ ಆಂಟೆನಾ ಕೇಬಲ್ ದಾಟಲು ಹಿಡಿಯುವ ಹೊತ್ತು) ಮೊದಲಿಂದಲೇ 50 ನ್ಯಾನೋಸೆಕೆಂಡ್ ಎಂದಿರುತ್ತದೆ. ಘನ ಪಾಲಿಥಿನ್ ಕೇಬಲ್ಲಿಗೆ ಮೀಟರಿಗೆ 5ರಂತೆ ಲೆಕ್ಕ ಹಾಕಿ ತಿದ್ದಿಕೊಳ್ಳಬೇಕು. ಮಾಡ್ಯೂಲಿಗೆ ಫ್ಯಾನಿನ ಗಾಳಿ ತಾಗದಂತೆ ಡಬ್ಬಿ ಮುಚ್ಚಿ. ಆದರೆ ಉಷ್ಣತೆ ತೀರಾ ಸ್ಥಿರವಾದರೂ ಒಂದು ತಮಾಷೆ ನಡೆಯುತ್ತದೆ: ಒಳಗಿನ ಗಡಿಯಾರ ಸೆಕೆಂಡಿಗೆ ಮಿಡಿಯುವ ಲೆಕ್ಕ ಪೂರ್ಣ ಸಂಖ್ಯೆಯೊಂದಕ್ಕೆ ಹತ್ತಿರ ಬಂದು ನಿಂತಾಗ ಗರಗಸದ ಹಲ್ಲಿನಂತಿದ್ದ ಏರಿಳಿತ ನಿಂತು, ದೋಷ ಒಂದೇ ಕಡೆಗೆ ನಿಮಿಷಗಟ್ಟಲೆ ವಾಲಿಕೊಂಡಿರುತ್ತದೆ. ಸರಾಸರಿ ತೆಗೆದರೂ ಅದು ಹೋಗುವುದಿಲ್ಲ. ಮಾಡ್ಯೂಲು ಹೇಳುವ ಪಿಕೋಸೆಕೆಂಡಿನ ತಿದ್ದುಪಡಿಯೇ ಅದಕ್ಕೆ ಮದ್ದು.

ಅಳೆಯಲು ಒಂದೇ ಆಂಟೆನಾವನ್ನು ಸ್ಪ್ಲಿಟರಿನಿಂದ ಎರಡು ಬೋರ್ಡಿಗೆ ಹಂಚಿ, ಎರಡರ ಪಲ್ಸುಗಳ ಅಂತರ ದಾಖಲಿಸಿದೆ. ಆಂಟೆನಾಗೆ ಕರೆಂಟು ಒಂದೇ ಬೋರ್ಡಿನಿಂದ ಹೋಗಲಿ, ಇನ್ನೊಂದರ ಜಂಪರ್ ಕಿತ್ತಿಡಿ. ತಿದ್ದುಪಡಿಯಿಲ್ಲದೆ ಅಂತರ ಹತ್ತಾರು ನ್ಯಾನೋಸೆಕೆಂಡಿನಲ್ಲಿ ಅಡ್ಡಾಡುತ್ತಿತ್ತು, ತಿದ್ದುಪಡಿ ಹಾಕಿದ ಮೇಲೆ ಕೆಲವೇ ನ್ಯಾನೋಸೆಕೆಂಡಿಗೆ ಇಳಿಯಿತು. ಪ್ರೋಗ್ರಾಂ ಬರೆಯುವವರು ಒಂದು ವಿಷಯ ನೋಡಿಕೊಳ್ಳಿ: ಎನ್‌ಎಂಇಎ ಸಾಲು (ಮಾಡ್ಯೂಲು ಸೀರಿಯಲ್‌ನಲ್ಲಿ ಕಳಿಸುವ ಮಾಮೂಲಿ ಪಠ್ಯ) ಹೇಳುವ ಸಮಯ ಆಗಲೇ ಬಂದುಹೋದ ಪಲ್ಸಿನದು, ತಿದ್ದುಪಡಿಯ ಸಂದೇಶ ಇನ್ನು ಬರಲಿರುವ ಪಲ್ಸಿನದು. ಇವೆರಡನ್ನೂ ಒಂದೇ ಸೆಕೆಂಡಿಗೆ ಕಟ್ಟಿದರೆ ಗ್ರಾಫು ನಯವಾಗುವ ಬದಲು ಇನ್ನಷ್ಟು ಚದುರುತ್ತದೆ.