ತೊಗಲುಗೊಂಬೆಗೆ ಬೆಳಕು ಹಿಂದಿನಿಂದಲೇ ಬರಬೇಕು

ತೊಗಲುಗೊಂಬೆಗೆ ಫ್ರೇಮ್ ಹಾಕಿ ಗೋಡೆಗೆ ನೇತುಹಾಕುವುದು ನನಗೆ ಸುತರಾಂ ಇಷ್ಟವಿಲ್ಲ. ಆ ಗೊಂಬೆ ಹುಟ್ಟಿದ್ದೇ ಕತ್ತಲಲ್ಲಿ ಬಿಳಿ ಪರದೆಗೆ ಒರಗಿ ನಿಲ್ಲಲು. ಹಿಂದಿನ ದೀಪದ ಬೆಳಕು ಅದರ ಮೈಯೊಳಗಿಂದ ಹಾದು ಬಂದರೆ ಮಾತ್ರ ಬಣ್ಣ ಏಳುತ್ತದೆ. ನಮ್ಮ ಚಿಕ್ಕ ಮ್ಯೂಸಿಯಂನಲ್ಲಿ ಗೊಂಬೆಗಳ ಗ್ಯಾಲರಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಗಟ್ಟಿ ಮಾಡಿಕೊಂಡದ್ದು ಇದೊಂದನ್ನೇ.

ಆರಿಸುವಾಗ ಒಬ್ಬ ಹಿರಿಯ ಕಲಾವಿದರನ್ನು ಕರೆಸಿದ್ದೆ. ತಲೆಮಾರುಗಳಿಂದ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಸಮುದಾಯದ ಮನೆತನದವರು. ಮನೆಯಲ್ಲಿ ಆಡುವುದು ಮರಾಠಿಗೆ ಹತ್ತಿರದ ಮಾತು, ಪರದೆಯ ಹಿಂದೆ ಕೂತರೆ ಸೊಗಸಾದ ಕನ್ನಡ. ನಾನು ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ್ದೆ. ಅವರು ಒಂದನ್ನೂ ಮಲಗಿಸಿ ನೋಡಲಿಲ್ಲ. ಒಂದೊಂದನ್ನೇ ಎತ್ತಿ ಕಿಟಕಿಯತ್ತ ಹಿಡಿದರು. "ಹಿಂಗೆ ನೋಡ್ಬೇಕು ಮೇಡಂ, ಆಗ್ಲೇ ಯಾವುದ್ರಲ್ಲಿ ಜೀವ ಐತೆ ಗೊತ್ತಾಗೋದು" ಅಂದರು. ಮೇಜಿನ ಮೇಲೆ ಕಪ್ಪಗೆ ಕಾಣುತ್ತಿದ್ದ ಒಬ್ಬಳು ಸೀತೆ, ಬೆಳಕಿಗೆ ಹಿಡಿದ ಕೂಡಲೇ ಕೆಂಪು ಸೀರೆ ಉಟ್ಟು ನಿಂತಳು. ಆಕೆಯ ಸೆರಗಿನ ಚುಕ್ಕಿಗಳು ಬಣ್ಣದವಲ್ಲ, ಉಳಿಯಲ್ಲಿ ಕೊರೆದ ತೂತುಗಳು. ಅಲ್ಲಿಂದಾಚೆ ನಾವು ಆರಿಸಿದ್ದೆಲ್ಲ ಕಿಟಕಿಯ ಬಳಿಯೇ.

ಸಂಗ್ರಹದಲ್ಲಿ ನೂರಕ್ಕೂ ಜಾಸ್ತಿ ಗೊಂಬೆಗಳಿವೆ, ಗ್ಯಾಲರಿಯಲ್ಲಿ ಹಿಡಿಸುವುದು ಮೂವತ್ತು. ಕರ್ನಾಟಕದ ಗೊಂಬೆಗಳಲ್ಲಿ ಅಂತಸ್ತಿಗೆ ತಕ್ಕಂತೆ ಗಾತ್ರವೂ ಬದಲಾಗುತ್ತದೆ. ದೇವರು, ರಾಜರು ದೊಡ್ಡದಾಗಿರುತ್ತಾರೆ. ಆಳುಕಾಳು, ಊರ ಜನ ಚಿಕ್ಕದಾಗಿರುತ್ತಾರೆ. ಕಣ್ಣಿಗೆ ರಾಚುವುದನ್ನೇ ಆರಿಸುತ್ತಾ ಹೋದರೆ ಚಿಕ್ಕವರಿಗೆ ಜಾಗವೇ ಸಿಗಲ್ಲ ಅಲ್ವಾ? ಅದಕ್ಕೇ ಆಟ ನಡೆಯುವ ಕ್ರಮದಲ್ಲೇ ಜೋಡಿಸಿದೆ. ಮೊದಲು ಗಣಪತಿ, ಸರಸ್ವತಿ. ಅವರ ಹಿಂದೆಯೇ ಆಟದ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ. ಈ ಜೋಡಿಯ ಪೋಲಿತನ ಮ್ಯೂಸಿಯಂಗೆ ಒಪ್ಪುವುದಿಲ್ಲ ಎಂದು ಒಬ್ಬಿಬ್ಬರು ಹೇಳಿದರು. ನಾನು ಬಿಟ್ಟುಕೊಡಲಿಲ್ಲ. ರಾತ್ರಿಯಿಡೀ ಕೂತ ಊರಿನವರನ್ನು ನಿದ್ದೆ ಹೋಗದಂತೆ ನಗಿಸಿದವರು ಇವರೇ. ಇವರನ್ನು ಪೆಟ್ಟಿಗೆಯಲ್ಲೇ ಬಿಟ್ಟರೆ ಉಳಿಯುವುದು ಬರೀ ಪುರಾಣದ ಚಿತ್ರಗಳು.

ಜಾಸ್ತಿ ತಲೆ ತಿಂದದ್ದು ಬೆಳಕು. ಬಣ್ಣ ಹಾಕಿದ ತೊಗಲಿಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದು ಎನ್ನುವುದು ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಮಾಸಿದ ಬಣ್ಣ ವಾಪಸ್ ಬರಲ್ಲ. ಆದರೆ ಬೆಳಕಿಲ್ಲದೆ ಈ ಗೊಂಬೆ ಕಾಣುವುದೂ ಇಲ್ಲ. ಹಾಗಾಗಿ ಕೋಣೆಯನ್ನೇ ಕತ್ತಲು ಮಾಡಿದೆವು. ಕಣ್ಣು ಕತ್ತಲಿಗೆ ಹೊಂದಿಕೊಂಡರೆ ಸ್ವಲ್ಪ ಬೆಳಕೂ ಸಾಕಾಗುತ್ತದೆ. ಗೊಂಬೆಯ ಹಿಂದೆ ಹಾಲುಬಿಳಿ ಹಾಳೆ, ಅದರಾಚೆ ಅಂತರ ಬಿಟ್ಟು ಎಲ್‌ಇಡಿ. ನೋಡುವವರು ಗುಂಡಿ ಒತ್ತಿದರೆ ಹೊತ್ತಿಕೊಂಡು, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಬೇಸಿಗೆಯಲ್ಲಿ ತೊಗಲು ಒಣಗಿ ಮುದುಡುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಪೆಟ್ಟಿಗೆಯೊಳಗೆ ತೇವವನ್ನು ಹತೋಟಿಯಲ್ಲಿಡುವ ಸಿಲಿಕಾ ಜೆಲ್ ಮತ್ತು ತೇವ ಅಳೆಯುವ ಮೀಟರ್ ಇಟ್ಟಿದ್ದೇವೆ. ಗೊಂಬೆಯ ನಡುವಿನ ಬಿದಿರು ಕಡ್ಡಿಯನ್ನು ತೆಗೆಯಲಿಲ್ಲ. ಅದರ ನೆರಳು ಗೊಂಬೆಯ ಮೇಲೆ ಗೆರೆಯಾಗಿ ಬೀಳುತ್ತದೆ, ಬೀಳಲಿ. ಆಡಿಸುವವರ ಕೈ ಎಲ್ಲಿರುತ್ತಿತ್ತು ಎನ್ನುವುದು ಅದರಿಂದಲೇ ಗೊತ್ತಾಗುವುದು.

ನಮ್ಮ ರಾವಣನ ಹತ್ತೂ ತಲೆ ಒಂದೇ ತೊಗಲಿನಲ್ಲಿವೆ. ಎಡಭುಜ ಹರಿದು, ದಪ್ಪ ದಾರದಲ್ಲಿ ಹೊಲಿದಿದ್ದಾರೆ. ಬೆನ್ನಿಗೆ ಎಣ್ಣೆದೀಪದ ಮಸಿ ಅಂಟಿದೆ. ಸಡಿಲವಾದ ಧೂಳನ್ನಷ್ಟೇ ಮೆತ್ತನೆಯ ಬ್ರಷ್‌ನಲ್ಲಿ ತೆಗೆಸಿ, ಮಸಿ ಮುಟ್ಟಬೇಡಿ ಎಂದೆ. ಅದು ಕೊಳೆಯಲ್ಲ, ಎಷ್ಟೋ ರಾತ್ರಿಗಳ ಗುರುತು. ಪಕ್ಕದ ಫಲಕದಲ್ಲಿ "ರಾವಣ, ಚರ್ಮದ ಮೇಲೆ ಬಣ್ಣ" ಎಂದು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. "ಭುಜದ ಹೊಲಿಗೆ ನೋಡಿ. ಹರಿದ ಮೇಲೂ ಇವನನ್ನು ಬಿಡದೆ ಆಡಿಸಿದ್ದಾರೆ" ಎಂದು ಬರೆದೆ. ಜನ ಬಗ್ಗಿ ಆ ಹೊಲಿಗೆ ಹುಡುಕುತ್ತಾರೆ.

ಬರೆಯುವಾಗ ನನ್ನ ನಿಯಮ ಇಷ್ಟೇ: ಕನ್ನಡ ಮೊದಲು, ನಾಲ್ಕೈದು ಸಾಲು ಸಾಕು, ಕಣ್ಣೆದುರು ಕಾಣುವುದರಿಂದಲೇ ಶುರುವಾಗಬೇಕು. ಪುರಾಣದ ಕತೆ ನಮ್ಮವರಿಗೆ ಗೊತ್ತು. ಮಾಡಿದವರು ಯಾರು, ಹೇಗೆ ಎನ್ನುವುದೇ ಗೊತ್ತಿಲ್ಲ. 2025ರಲ್ಲಿ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗೊಂಬೆಯ ಹಿಂದಿರುವ ಮನುಷ್ಯರನ್ನು ಜನ ನೋಡುವಂತಾಯಿತಲ್ಲ.

ವರ್ಷವಿಡೀ ಒಂದೇ ಗೊಂಬೆಯನ್ನು ಬೆಳಕಿಗೆ ಒಡ್ಡುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಇಳಿಸಿ, ಆಮ್ಲವಿಲ್ಲದ ಕಾಗದದ ನಡುವೆ ಇಟ್ಟು ಮಲಗಿಸುತ್ತೇವೆ. ಈಗ ರಾವಣನ ಸರದಿ ಮುಗಿದಿದೆ. ಅವನ ಜಾಗಕ್ಕೆ ಭೀಮ ಬೇಕೋ ದ್ರೌಪದಿ ಬೇಕೋ ಎಂದು ನೋಡಲು, ಆ ಹಿರಿಯರನ್ನೇ ಮತ್ತೆ ಬರಲು ಹೇಳಿದ್ದೇನೆ.